ಒಂದು ‘ಹೂಂ’ಗೆ ನಿಂತ ಎಂಜಿನ್

ಅಡುಗೆಮನೆಯ ಮೇಜು,
ಭಾನುವಾರ ಬೆಳಗ್ಗೆ

ಪುಟ್ಟ ಎಂಜಿನ್ನಿನ ಮಹಾ ಜನಕರೂ ನನ್ನ ಪಾಲಿಗೆ ಬರೀ ‘ರೀ’ಯೂ ಆದ ನಿಮಗೆ,

ಪರೀಕ್ಷಾ ಕೇಂದ್ರದ ಸುರಕ್ಷತಾ ಅಧಿಕಾರಿಯೂ ನಿಮ್ಮ ಹೆಂಡತಿಯೂ ಆದ ನಾನು, ಈ ಎರಡು ಹುದ್ದೆಗಳನ್ನೂ ಸದ್ಯಕ್ಕೆ ಉಳಿಸಿಕೊಂಡು ಬರೆಯುತ್ತಿರುವ ಪತ್ರ ಇದು.

ನಾನು ಇಲ್ಲಿ ಕ್ಷೇಮ. ನೀವು ಅಲ್ಲಿ ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ನಿಮ್ಮ ಅಕ್ಕ ದಿನಾ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದಾರೆ. “ನಿನ್ನ ಗಂಡನಿಗೆ ಜ್ವರ ಅಂತೆ ಕಣೇ. ಎರಡನೇ ಸಲ ಬಡಿಸಿದ ಮೇಲೆ ಬಂತಂತೆ, ಮೂರನೇ ಸಲ ಬಡಿಸಿದ ಕೂಡ್ಲೇ ಬಿಡ್ತಂತೆ” ಎಂದು ಮೊನ್ನೆ ಹೇಳಿದರು. ಅತ್ತಿಗೆಗೆ ನಿಮ್ಮನ್ನು ಸಾಕುವುದು ಬೇಸರವಿಲ್ಲ. ಆದರೆ ನೀವು ಅವರ ಕುಕ್ಕರ್ ಕೂಗುವಾಗಲೆಲ್ಲ ಎದ್ದು ಬಂದು ಅದರ ಒತ್ತಡದ ಬಗ್ಗೆ ಉಪನ್ಯಾಸ ಕೊಡುತ್ತೀರಂತೆ. ಅದನ್ನು ನಿಲ್ಲಿಸಿದರೆ ಉಪಕಾರ, ಎಂದು ಹೇಳಿ ಕಳಿಸಿದ್ದಾರೆ.

ಇದೆಲ್ಲ ಫೋನಿನಲ್ಲೇ ಮುಗಿಯಬೇಕಿತ್ತು. ಪ್ರಯತ್ನಿಸಿದೆ. ನಾನು ‘ಹಲೋ’ ಎಂದೆ, ನೀವು ‘ಹೂಂ’ ಎಂದಿರಿ. ‘ಶುಕ್ರವಾರ ಸಮಿತಿ ಸೇರುತ್ತೆ, ಬನ್ನಿ’ ಎಂದೆ, ‘ಹೂಂ’ ಎಂದಿರಿ, ಬರಲಿಲ್ಲ. ‘ಮನೆಗೆ ಬೆಂಕಿ ಬಿದ್ದಿದೆ’ ಎಂದು ಬರೀ ಪರೀಕ್ಷೆಗಾಗಿ ಹೇಳಿದೆ. ಅದಕ್ಕೂ ಸಮಾಧಾನದಿಂದ ‘ಹೂಂ’ ಎಂದು ಫೋನು ಇಟ್ಟಿರಿ. ಪತ್ರದ ದೊಡ್ಡ ಗುಣವೆಂದರೆ ಅದು ಹೂಂಗುಟ್ಟಿದ ಮಾತ್ರಕ್ಕೆ ಮುಗಿಯುವುದಿಲ್ಲ. ಪಟ್ಟಾಗಿ ಕೈಯಲ್ಲೇ ಕೂತಿರುತ್ತದೆ. ಆದ್ದರಿಂದ ಕನ್ನಡಕ ಹಾಕಿಕೊಂಡು ಓದಿ.

ಸಮಿತಿ ಸೇರಿತು. ನಿಮ್ಮ ಎಂಜಿನ್ ನೌಕೆ ಹತ್ತುತ್ತದೋ ಕಪಾಟು ಸೇರುತ್ತದೋ ಎಂಬುದು ಅಲ್ಲಿ ತೀರ್ಮಾನವಾಗಬೇಕಿತ್ತು. ನಾನು ಸುರಕ್ಷತೆಯ ಕುರ್ಚಿಯಲ್ಲಿ ಉಳಿಯುತ್ತೇನೋ ಇಲ್ಲವೋ ಎಂಬುದೂ. ನೀವು ಮನೆಗೆ ಬರುತ್ತೀರೋ ಇಲ್ಲವೋ ಎಂಬ ಮೂರನೇ ವಿಷಯ ಮಾತ್ರ ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲವಂತೆ. ವಿಚಾರಿಸಿದೆ.

ಮೊದಲಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಕೇಳಿಸಿಕೊಳ್ಳುವ ಅಭ್ಯಾಸವಾಗಲಿ.

ಎಲ್ಲ ಶುರುವಾದದ್ದು ನಮ್ಮ ಮನೆಯ ಹಾಲ್‌ನ ಗೋಡೆಯಿಂದ. ಎಂಜಿನ್ನನ್ನು ಪರೀಕ್ಷೆಗೆ ಉರಿಸುವ ಹಿಂದಿನ ದಿನ ರಜೆ ಹಾಕಿ, ನಿಮ್ಮ ಕುರ್ಚಿಯ ಹಿಂದಿನ ಗೋಡೆಗೆ ನಾನೇ ಏಣಿ ಹತ್ತಿ ಬಣ್ಣ ಬಳಿದೆ. ಸಂಜೆ ಬಂದಿರಿ, ಆ ಕುರ್ಚಿಯಲ್ಲೇ ಕೂತಿರಿ, ಲ್ಯಾಪ್‌ಟಾಪಿನೊಳಗೆ ಇಳಿದಿರಿ. ಹಾಲ್ ತುಂಬ ಬಣ್ಣದ ವಾಸನೆ. ನನ್ನ ಕೈ, ಮೂಗು, ಕೂದಲು ಎಲ್ಲ ಬಣ್ಣ. ನಾನು ಎದುರಿಗೆ ನಿಂತು ಗೋಡೆ ನೋಡಿದ್ರಾ ಅಂದೆ. “ಹೂಂ, ನೋಡಿದೆ, ಚೆನ್ನಾಗಿದೆ.” ಯಾವ ಬಣ್ಣ ಅಂದೆ. “ಬಿಳಿ” ಅಂದಿರಿ. ಅದು ಹಳೆಯ ಬಣ್ಣ.

ಅಲ್ಲಿಗೇ ಹಿಂದೆ ತಿರುಗಿ ಒಂದು ಸಲ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ನಿಮಗೆ ಹಟ. “ಈಗ ನೋಡಿದ್ರೆ ನಾನು ಸೋತ ಹಾಗೆ” ಅಂದಿರಿ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ನಮ್ಮ ದೇಶದ ಅಂತರಿಕ್ಷ ಯೋಜನೆಯ ಹೆಮ್ಮೆಯ ವಿಜ್ಞಾನಿ, ಗೋಡೆಗೆ ಬೆನ್ನು ಕೊಟ್ಟುಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆದು ಮಲಗುವ ಕೋಣೆ ಸೇರಿದರು. ಬೆಳಗ್ಗೆಯೂ ಅದೇ ನಡಿಗೆಯಲ್ಲಿ, ಕಾಫಿ ಲೋಟ ಕೈಯಲ್ಲಿ ಹಿಡಿದು, ಮುಂಬಾಗಿಲು ದಾಟಿದರು. ಅಷ್ಟು ಕಷ್ಟಪಟ್ಟು ಒಂದು ಗೋಡೆಯನ್ನು ನೋಡದೆ ಇದ್ದವರನ್ನು ನಾನು ಕಂಡಿಲ್ಲ.

ಇನ್ನು ಆ ದಿನ. ನಿಮ್ಮ ಎಂಜಿನ್ ನೀರಿನ ಬಾಟಲಿಗಿಂತ ದೊಡ್ಡದಲ್ಲ. ಮನುಷ್ಯರು ಕೂತ ನೌಕೆಯನ್ನು ಬಾಹ್ಯಾಕಾಶದಲ್ಲಿ ಅತ್ತಿತ್ತ ತಿರುಗಿಸುವುದೇ ಅದರ ಕೆಲಸ. ಮನೆಯಲ್ಲಿ ಒಂದು ಕುರ್ಚಿಯನ್ನು ಅತ್ತಿತ್ತ ತಿರುಗಿಸದವರು ಇದನ್ನು ಹೇಗೆ ಕಟ್ಟಿದಿರೋ, ನನಗೆ ಇವತ್ತಿಗೂ ಬೆರಗು. ಅದನ್ನು ನೀವು ‘ಮರಿ’ ಎಂದು ಕರೆಯುವುದೂ, ಯಾರೂ ಇಲ್ಲ ಅಂದುಕೊಂಡು ಅದರ ತಲೆ ಸವರುವುದೂ ನನಗೆ ಗೊತ್ತು. ಮರಿಗೆ ಇಂಧನ ಕೊಡುವ ತೊಟ್ಟಿಯಲ್ಲಿ ಒತ್ತಡ ಮಿತಿ ಮೀರಿದರೆ ಹೊರಗೆ ಬಿಡಲು ಒಂದು ಸುರಕ್ಷತಾ ವಾಲ್ವ್ ಇದೆ. ಅದರ ಕೊಳವೆಯ ಬಾಯಿಗೆ ಧೂಳು ಹೋಗದ ಹಾಗೆ ಕೆಂಪು ಮುಚ್ಚಳ ಹಾಕಿರುತ್ತಾರೆ. ಉರಿಸುವ ಮೊದಲು ಅದನ್ನು ತೆಗೆದಿರಬೇಕು. ತೆಗೆಯದಿದ್ದರೆ ಒತ್ತಡವು ತನಗೆ ತೋಚಿದ ದಾರಿ ಮಾಡಿಕೊಂಡು ಹೊರಡುತ್ತದೆ, ಗೋಡೆಯನ್ನೂ ಜೊತೆಗೆ ಕರೆದುಕೊಂಡು.

ಅದಕ್ಕೇ ನಮ್ಮಲ್ಲಿ ಕೂಗು-ಮರುಕೂಗಿನ ಪದ್ಧತಿ. ಒಬ್ಬರು ಪ್ರತಿಯೊಂದು ಹೆಜ್ಜೆಯನ್ನೂ ಕೇಳುತ್ತಾರೆ, ಇನ್ನೊಬ್ಬರು ಎಂಜಿನ್ ಕೋಣೆಯ ಕ್ಯಾಮೆರಾ ತೋರಿಸುವುದನ್ನು ತಮ್ಮ ಸ್ಕ್ರೀನಿನಲ್ಲಿ ಕಣ್ಣಾರೆ ನೋಡಿ ಉತ್ತರ ಕೊಡುತ್ತಾರೆ. ಉತ್ತರದ ಕೊನೆಗೆ ‘ನೋಡಿದೆ’ ಎನ್ನಲೇಬೇಕು. ಕೇಳುವವನು, ದೊಡ್ಡ ದನಿಗೆ ನಾವೆಲ್ಲ ‘ಗಂಟಲು’ ಎಂದು ಕರೆಯುವ ಹುಡುಗ. ಪಾಪ, ಮದುವೆ ಮನೆಯಲ್ಲಿ ನೀರು ಕೇಳಿದರೂ ನಿಯಂತ್ರಣ ಕೊಠಡಿಯಿಂದ ಕೇಳಿದಂತಿರುತ್ತದೆ. ಉತ್ತರ ಕೊಡುವವರು ನೀವು. ನಾನು ಪಕ್ಕದ ಗಾಜಿನ ಪೆಟ್ಟಿಗೆಯೊಳಗೆ, ಯಾರೂ ನನ್ನ ಮೇಲೆ ಪ್ರಭಾವ ಬೀರದಂತೆ, ಒಂದು ಸ್ಕ್ರೀನು, ಒಂದು ಹೆಡ್‌ಫೋನು, ಒಂದು ಕೆಂಪು ಗುಂಡಿಯೊಂದಿಗೆ. ಗುಂಡಿ ಒತ್ತಿದರೆ ಎಲ್ಲ ನಿಲ್ಲುತ್ತದೆ. ಇಷ್ಟು ವರ್ಷದಲ್ಲಿ ಅದನ್ನು ಧೂಳು ಒರೆಸುವಾಗ ಮಾತ್ರ ಮುಟ್ಟಿದ್ದೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಗಂಟಲು ಕೂಗುತ್ತಿದ್ದ, ನೀವು ಮರುಕೂಗುತ್ತಿದ್ದಿರಿ. ಸುರಕ್ಷತಾ ವಾಲ್ವಿನ ಸರದಿ ಬಂತು. ಕೊಳವೆಯ ಬಾಯಿ ತೆರೆದಿದೆಯೇ ಎಂದು ಅವನು ಕೇಳಿದ. ನಿಮ್ಮ ಉತ್ತರ ಹೆಡ್‌ಫೋನಿನಲ್ಲಿ ಬಂತು: “ಹೂಂ, ತೆರೆದಿದೆ, ನೋಡಿದೆ.”

ನಾನು ಗುಂಡಿ ಒತ್ತಿದೆ.

ಯಾಕೆಂದರೆ, ರೀ, ಆ ‘ಹೂಂ’ ನನಗೆ ಗೊತ್ತು. ನೀವು ನಿಜವಾಗಿ ನೋಡಿದಾಗ ಮೊದಲು ಮೌನ ಇರುತ್ತದೆ, ಮೂಗಿನಲ್ಲಿ ಒಂದು ಸಣ್ಣ ಸದ್ದು, ಆಮೇಲೆ ‘ಹಾಂ’ ಬರುತ್ತದೆ. ನೋಡದಿದ್ದಾಗ ಪ್ರಶ್ನೆ ಮುಗಿಯುವ ಮೊದಲೇ ‘ಹೂಂ’ ಎದ್ದು ಬಾಗಿಲಲ್ಲಿ ನಿಂತಿರುತ್ತದೆ. ಹಾಲು ಇಳಿಸಿದ್ರಾ, ಹೂಂ. ನಲ್ಲಿ ಮುಚ್ಚಿದ್ರಾ, ಹೂಂ, ಮುಚ್ಚಿದೆ, ನೋಡಿದೆ. ಆಮೇಲೆ ನಾವಿಬ್ಬರೂ ಹಾಲು ಒರೆಸಿದ್ದೇವೆ, ನೀರು ತೋಡಿದ್ದೇವೆ. ಆ ಕಟ್ಟಡದಲ್ಲಿ ಅಷ್ಟು ಜನ ಪರಿಣತರಿದ್ದರು. ಆದರೆ ಈ ಒಂದು ವಿಷಯದಲ್ಲಿ ತರಬೇತಿ ಪಡೆದವಳು ನಾನೊಬ್ಬಳೇ.

ನೀವು ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಇಟ್ಟಿರಿ. ಎಲ್ಲರ ಮುಂದೆ, ನನ್ನ ಗಾಜಿಗೆ ಮುಖ ಮಾಡಿ, “ನಿನ್ನೆ ಸಂಜೆ ಜಗಳನ ಇವತ್ತು ನನ್ನ ಮರಿ ಮೇಲೆ ತೀರಿಸ್ಕೊಂಡೆ ಅಲ್ವಾ” ಅಂದಿರಿ. ಗಾಜು ದಪ್ಪ, ಕೇಳಿಸಲಿಲ್ಲ. ತುಟಿ ನೋಡಿದರೆ ಸಾಕಾಗಿತ್ತು. ನೇರ ಅಕ್ಕನ ಮನೆಗೆ ಹೋದಿರಿ. ಬಟ್ಟೆ ತರಲು ಕೂಡ ಮನೆಗೆ ಬರಲಿಲ್ಲ, ಗೋಡೆ ಕಣ್ಣಿಗೆ ಬಿದ್ದೀತು ಎಂಬ ಭಯ. ಭಾವನ ಅಂಗಿ ನಿಮಗೆ ಬಿಗಿಯಂತೆ, ಗುಂಡಿ ಹಾರಿ ಅತ್ತಿಗೆಯ ಲೋಟಕ್ಕೆ ಬಿತ್ತಂತೆ. ಆ ವರದಿಯೂ ಬಂದಿದೆ.

ನೀವು ಹೋದ ಮೇಲೆ ಉಳಿದವರು ಎಂಜಿನ್ ಕೋಣೆಯ ಒಳಗೆ ಹೋಗಿ ನೋಡಿದರು. ಕೊಳವೆಯ ಬಾಯಿ ತೆರೆದೇ ಇತ್ತು. ಕೆಂಪು ಮುಚ್ಚಳ ಡ್ರಾಯರಿನಲ್ಲಿ ಸುರಕ್ಷಿತವಾಗಿ ಮಲಗಿತ್ತು. ಎಲ್ಲರೂ ನನ್ನನ್ನು ನೋಡಿದ ರೀತಿಗೆ ನಾನೂ ಅದರ ಪಕ್ಕ ಡ್ರಾಯರಿನಲ್ಲಿ ಮಲಗೋಣ ಅನ್ನಿಸಿತು.

ಆಮೇಲಿನ ದಿನಗಳು ಹೇಗಿದ್ದವೆಂದು ನಿಮಗೆ ಗೊತ್ತಿಲ್ಲ. ನಾನು ಕ್ಯಾಂಟೀನಿಗೆ ಹೋದರೆ ಮಾತು ನಿಲ್ಲುತ್ತಿತ್ತು, ಚಮಚದ ಸದ್ದು ಮಾತ್ರ. ಉಪನಿರ್ದೇಶಕರು ಕೋಣೆಗೆ ಕರೆಸಿ, ತುಂಬ ಮೆತ್ತಗೆ, “ಮನೆ ಜಗಳನ ಮನೆಯಲ್ಲೇ ಬಿಟ್ಟು ಬರ್ಬೇಕಮ್ಮ. ಸ್ವಲ್ಪ ದಿನ ಹಗುರವಾದ ಕೆಲಸ ಮಾಡಿ” ಅಂದರು. ಹಗುರವಾದ ಕೆಲಸವೆಂದರೆ ಕಟ್ಟಡದ ಬೆಂಕಿ ಆರಿಸುವ ಸಿಲಿಂಡರುಗಳಿಗೆ ಹೊಸ ತಾರೀಖಿನ ಚೀಟಿ ಅಂಟಿಸುವುದು. ಅವು ಹಗುರವೇನಲ್ಲ, ಎತ್ತಿ ನೋಡಿದ್ದೇನೆ. ನಿಮ್ಮ ಮರಿಯ ಜಾಗಕ್ಕೆ ಹಳೆಯ ದಪ್ಪ ಎಂಜಿನ್ನನ್ನೇ ಕೂರಿಸೋಣ, ಅದನ್ನು ಕಟ್ಟಿದವರ ಸಂಸಾರದಲ್ಲಿ ನೆಮ್ಮದಿ ಇದೆ ಎಂಬ ಮಾತೂ ಓಡಾಡಿತು. ನಗು ಬಂತು, ಆದರೆ ಮನೆಗೆ ಬಂದು ಕೂತಾಗ ನಿಮ್ಮ ಖಾಲಿ ಕುರ್ಚಿ, ಅದರ ಹಿಂದೆ ಯಾರೂ ನೋಡದ ಗೋಡೆ. ಆಗ ಮಾತ್ರ ನಗು ಬರಲಿಲ್ಲ. ಇದನ್ನು ಅತ್ತಿಗೆಗೆ ಓದಿ ಹೇಳಬೇಡಿ.

ಸಮಿತಿಯ ಅಧ್ಯಕ್ಷೆ ನಿಮಗೆ ಗೊತ್ತಲ್ಲ, ಸಭೆ ಪೂರ್ತಿ ಕಿತ್ತಳೆ ಸುಲಿಯುತ್ತಾ ಕೂರುವವರು. ಎಷ್ಟು ನಿಧಾನವಾಗಿ ಸುಲಿಯುತ್ತಾರೋ ಎದುರಿಗಿದ್ದವರ ಮೈ ಅಷ್ಟು ಬೆವರುತ್ತದೆ. ಅವರು ನೇರವಾಗಿ ಕೇಳಿದರು, “ಯಾಕಮ್ಮ ನಿಲ್ಸಿದ್ರಿ?”

ನನ್ನ ಹತ್ತಿರ ಗೌರವಸ್ಥ ಉತ್ತರಗಳಿದ್ದವು. ಒತ್ತಡದ ಮುಳ್ಳು ಅಲುಗಿದಂತಾಯಿತು ಎನ್ನಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ಆದರೆ ನೋಡದೆ ಇರುವುದನ್ನು ನೋಡಿದೆ ಅಂದರೆ ನನಗೂ ನಿಮಗೂ ಏನು ವ್ಯತ್ಯಾಸ. “ಅವರ ಹೂಂ ಸರಿ ಇರ್ಲಿಲ್ಲ ಮೇಡಂ” ಅಂದೆ.

ಸಭೆ ನಕ್ಕಿತು. ಉಪನಿರ್ದೇಶಕರು ನಗುವನ್ನು ಕೆಮ್ಮಿನಂತೆ ಮಾಡಲು ಹೋಗಿ ನಿಜವಾಗಿ ಕೆಮ್ಮಿದರು, ನೀರು ಕೊಡಬೇಕಾಯಿತು. ಅಧ್ಯಕ್ಷೆ ನಗಲಿಲ್ಲ. ಕಿತ್ತಳೆ ಕೆಳಗಿಟ್ಟರು. “ನಮ್ಮ ಮನೇಲೂ ಒಂದು ಹೂಂ ಇದೆ. ಧ್ವನಿ ಹಾಕಿ, ಕೇಳೋಣ” ಅಂದರು.

ಧ್ವನಿಮುದ್ರಣ ಹಾಕಿದರು. ಇಡೀ ಕೋಣೆ ಕಿವಿ ನೆಟ್ಟಗೆ ಮಾಡಿ ಕೂತಿತ್ತು. ಗಂಟಲಿನ ಕಂಚಿನ ಕಂಠ, “ಸುರಕ್ಷತಾ ವಾಲ್ವಿನ ಕೊಳವೆಯ ಬಾಯಿ” ಎನ್ನುತ್ತಿರುವಾಗಲೇ, ‘ತೆರೆದಿದೆಯೇ’ ಎಂಬುದು ಇನ್ನೂ ಅವನ ಬಾಯಲ್ಲಿರುವಾಗಲೇ, ಅದರ ಮೇಲೆ ಹತ್ತಿ ಕೂತಂತೆ ನಿಮ್ಮ ಹೂಂ. ಪ್ರಶ್ನೆ ಏನೆಂದು ಕೇಳುವ ಮೊದಲೇ ಉತ್ತರ ನೋಡಿಯಾಗಿತ್ತು. ಈ ಸಲ ಯಾರೂ ನಗಲಿಲ್ಲ.

ಆದರೂ ಉಪನಿರ್ದೇಶಕರು ಬಿಡಲಿಲ್ಲ. “ಇರ್ಬಹುದು ಮೇಡಂ. ಆದ್ರೆ ಬಾಯಿ ತೆರೆದಿತ್ತಲ್ಲ. ಅವ್ರು ಹೇಳಿದ್ದು ನಿಜಾನೇ ಆಯ್ತಲ್ಲ.” ಅದು ನಿಜವೇ. ನೀವು ನೋಡಿರಲಿಲ್ಲ, ಆದರೆ ಹೇಳಿದ್ದು ಸರಿ ಇತ್ತು. ಆಗ ಅಧ್ಯಕ್ಷೆ, “ಅವರು ನೋಡಿದ್ರೆ ಏನು ಕಾಣ್ತಿತ್ತು? ಅದನ್ನೂ ಹಾಕಿ” ಅಂದರು. ಆ ಹೊತ್ತಿಗೆ ಸ್ಕ್ರೀನಿನ ಮೇಲೆ ಇದ್ದ ಕ್ಯಾಮೆರಾ ಚಿತ್ರವನ್ನು ದೊಡ್ಡ ಗೋಡೆಯ ಮೇಲೆ ಹಾಕಿದರು. ತೆರೆದ ಕೊಳವೆ, ಅದರ ಪಕ್ಕ ಒರಗಿಸಿದ ಒಂದು ಏಣಿ.

ಎಲ್ಲರೂ ಕೊಳವೆ ನೋಡಿದೆವು. ಗಂಟಲು ಮಾತ್ರ ಏಣಿ ನೋಡುತ್ತಾ ಎದ್ದು ನಿಂತ. ಒಂದು ಕಾಲಿಗೆ ಹಸಿರು ಟೇಪು ಸುತ್ತಿದ ಏಣಿ, ಇಡೀ ಕೇಂದ್ರಕ್ಕೆ ಅದೊಂದೇ. “ಮೇಡಂ, ಆ ಏಣಿ ಆಗ ಅಲ್ಲಿರ್ಲಿಲ್ಲ. ಕಂಟ್ರೋಲ್ ರೂಮಲ್ಲಿ ನನ್ನ ಬೆನ್ನ ಹಿಂದೇನೇ ಇತ್ತು. ಬೆಳಗ್ಗೆ ಟ್ಯೂಬ್‌ಲೈಟ್ ಹಾಕೋಕೆ ತಂದಿದ್ರು. ನನ್ನ ಊಟದ ಚೀಲ ಅದಕ್ಕೇ ನೇತು ಹಾಕಿದ್ದೆ.” ಮೆತ್ತಗೆ ಹೇಳಿದ್ದಕ್ಕೇ ಕಿಟಕಿ ಗಾಜು ಅದುರಿತು.

ಅಂದರೆ ಆ ಚಿತ್ರ ಆ ಹೊತ್ತಿನದಲ್ಲ. ಹಿಂದಿನ ದಿನದ್ದು. ಕ್ಯಾಮೆರಾ ಯಾವಾಗಲೋ ಕಣ್ಣು ಮುಚ್ಚಿ, ಕೊನೆಯದಾಗಿ ಕಂಡದ್ದನ್ನೇ ತೋರಿಸುತ್ತಾ ಕೂತಿತ್ತು. ಅದೂ ನಿಮ್ಮ ಹಾಗೆಯೇ, ನೋಡದೆ ‘ನೋಡಿದೆ’ ಅನ್ನುತ್ತಿತ್ತು. ಮುಚ್ಚಳ ಹಾಕಿದ್ದರೂ ಅದು ತೆರೆದ ಬಾಯಿಯನ್ನೇ ತೋರಿಸುತ್ತಿತ್ತು. ಅವತ್ತು ತೆರೆದಿದ್ದದ್ದು ನಮ್ಮ ಪುಣ್ಯ ಅಷ್ಟೆ. ಒಂದು ಕ್ಷಣ ನಿಜವಾಗಿ ಕಣ್ಣಿಟ್ಟಿದ್ದರೆ, ಬೆನ್ನ ಹಿಂದಿರುವ ಏಣಿ ಚಿತ್ರದೊಳಗೆ ಹೇಗೆ ಎಂದು ಯಾರಾದರೂ ಕೇಳುತ್ತಿದ್ದರು.

“ಆ ಎಂಜಿನ್ ಇರೋ ನೌಕೆಯೊಳಗೆ ಮನುಷ್ಯರು ಕೂರ್ತಾರೆ. ಅವರಿಗೆ ಪುಣ್ಯ ಸಾಲಲ್ಲ” ಎಂದು ಅಧ್ಯಕ್ಷೆ ಮತ್ತೆ ಕಿತ್ತಳೆ ಎತ್ತಿಕೊಂಡರು.

ಬೀಗಿದೆ ಎಂದು ತಿಳಿಯಬೇಡಿ. ಅದೇ ಚಿತ್ರ ನನ್ನ ಸ್ಕ್ರೀನಿನಲ್ಲೂ ಇತ್ತು, ನಾನೂ ಏಣಿ ನೋಡಿರಲಿಲ್ಲ ಎಂದು ಅಲ್ಲೇ ಎದ್ದು ಹೇಳಿದೆ. “ನೀವೇನು ನೋಡ್ತಿದ್ರಿ ಮತ್ತೆ?” ಎಂದು ಅಧ್ಯಕ್ಷೆ ಕೇಳಿದರು. “ಗಾಜಿನ ಕಡೆ” ಅಂದೆ. ಒಂದು ತೊಳೆ ಬಾಯಿಗೆ ಹಾಕಿಕೊಂಡು, ನನ್ನನ್ನೊಮ್ಮೆ ನೋಡಿ, ತೀರ್ಪು ಬರೆಸಿದರು.

ತೀರ್ಪು ಇದು. ನಾನು ಗಾಜಿನ ಪೆಟ್ಟಿಗೆಯಲ್ಲೇ ಇರುತ್ತೇನೆ. ಸಿಲಿಂಡರುಗಳಿಗೆ ಬೇರೆಯವರು ಚೀಟಿ ಅಂಟಿಸುತ್ತಾರೆ. ಕ್ಯಾಮೆರಾ ಬದಲಾಗಿದೆ. ನಿಮ್ಮ ಮರಿಗೆ ಗುರುವಾರ ಇನ್ನೊಂದು ಅವಕಾಶ, ಮರುಕೂಗಿಗೆ ನೀವೇ ಕೂರಬೇಕು. “ತಪ್ಪು ಮಾಡಿದ ಕುರ್ಚಿಯಲ್ಲೇ ಕೂತು ಸರಿ ಮಾಡ್ಲಿ. ಬರ್ಲಿಲ್ಲ ಅಂದ್ರೆ ಹಳೇ ಎಂಜಿನ್ ಹಾಕಿ” ಎಂದು ಅಧ್ಯಕ್ಷೆ ಹೇಳಿದರು. ಇದಕ್ಕೆ ಜ್ವರ ನೆಪವಾಗುವುದಿಲ್ಲ, ಬಡಿಸಿದ ಮೇಲೆ ಬರುವ ಜ್ವರವಂತೂ ಆಗುವುದೇ ಇಲ್ಲ.

ಇನ್ನೊಂದು ಹೊಸ ನಿಯಮ, ನನ್ನದೇ ಸಲಹೆ. ಇನ್ನು ಮೇಲೆ ನೋಡಬೇಕಾದ ಪ್ರತಿ ಜಾಗದ ಪಕ್ಕದಲ್ಲೂ ಉರಿಸುವ ದಿನ ಬೆಳಗ್ಗೆ ಒಂದು ಚಿತ್ರದ ಕಾರ್ಡು ಅಂಟಿಸಿರುತ್ತಾರೆ. ಏನು ಚಿತ್ರ ಎಂದು ಅಂಟಿಸಿದವರಿಗೂ ನನಗೂ ಮಾತ್ರ ಗೊತ್ತು. ನೀವು ‘ತೆರೆದಿದೆ, ನೋಡಿದೆ’ ಎಂದರೆ ಸಾಲದು, ‘ತೆರೆದಿದೆ, ಆನೆ’ ಎನ್ನಬೇಕು. ನೋಡದವರ ಬಾಯಲ್ಲಿ ಆನೆ ಬರುವುದಿಲ್ಲ. ಚಿತ್ರ ಬರೆಯಲು ಗಂಟಲೇ ಮುಂದೆ ಬಂದಿದ್ದಾನೆ. ಅವನ ಆನೆ ನೋಡಿದೆ. ಟೀಪಾಟಿನ ಹಾಗಿದೆ. ‘ತೆರೆದಿದೆ, ಟೀಪಾಟ್’ ಎಂದು ನೀವು ಹೇಳಿ ನಾನು ಇನ್ನೊಮ್ಮೆ ಗುಂಡಿ ಒತ್ತಬೇಕಾದೀತು ಎಂಬ ಭಯದಿಂದ, ಹೂವು ಬರೆಯಪ್ಪ ಎಂದಿದ್ದೇನೆ. ಹೂವೂ ಟೀಪಾಟಿನ ಹಾಗೇ ಬರುತ್ತಿದೆ. ಅಭ್ಯಾಸ ಮಾಡುತ್ತಿದ್ದಾನೆ.

ಈ ನಿಯಮ ನನಗೆ ಹೊಳೆದದ್ದು ಎಲ್ಲಿಂದ ಎಂದು ನಿಮಗೆ ಹೇಳಬೇಕಾಗಿಲ್ಲ. ‘ಗೋಡೆ ಹೇಗಿದೆ’ ಎಂದು ಕೇಳಿದ್ದು ನನ್ನದೂ ದಡ್ಡತನ. ಅದಕ್ಕೆ ‘ಚೆನ್ನಾಗಿದೆ’ ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ‘ಯಾವ ಬಣ್ಣ’ ಎಂದೇ ಮೊದಲು ಕೇಳಬೇಕಿತ್ತು.

ಈಗ ಕೇಳುತ್ತಿದ್ದೇನೆ. ಹಾಲಿನ ಗೋಡೆ ಯಾವ ಬಣ್ಣ? ಫೋನಿನಲ್ಲಿ ಉತ್ತರ ಕೊಟ್ಟರೆ ಲೆಕ್ಕಕ್ಕಿಲ್ಲ. ಊಹೆಗೆ ಅಂಕ ಇಲ್ಲ. ಗುರುವಾರಕ್ಕೆ ಮೊದಲು ಬಂದು, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಮೂಗಿನಲ್ಲಿ ಆ ಸಣ್ಣ ಸದ್ದು ಮಾಡಿ, ಆಮೇಲೆ ಹೇಳಬೇಕು. ಚೆನ್ನಾಗಿಲ್ಲ ಎಂದರೂ ನಡೆಯುತ್ತದೆ. ನೋಡಿ ಬೈದವರ ಮೇಲೆ ನನಗೆ ಕೋಪ ಬರುವುದಿಲ್ಲ, ಬಂದರೂ ಬೇಗ ಹೋಗುತ್ತದೆ.

ಗಂಟಲಿನ ಮನೆ ಅತ್ತಿಗೆಯ ಮನೆಯ ಬೀದಿಯಲ್ಲೇ ಇರುವುದರಿಂದ ಅವನ ಕೈಯಲ್ಲೇ ಈ ಪತ್ರ ಕಳಿಸುತ್ತಿದ್ದೇನೆ. ಓದಿ ಹೇಳು ಎಂದು ಮಾತ್ರ ಅವನಿಗೆ ಹೇಳಬೇಡಿ. ಬೀದಿಗೆಲ್ಲ ಕೇಳುತ್ತದೆ.

ಕೆಲಸದಲ್ಲಿ ಕೆಂಪು ಗುಂಡಿಯನ್ನೂ ಮನೆಯಲ್ಲಿ ಬಣ್ಣದ ಬ್ರಷ್ಷನ್ನೂ ಬಿಟ್ಟುಕೊಡದ,
ನಿಮ್ಮ ‘ಏ ಇವಳೇ’

ಮರೆತಿದ್ದೆ: ಗಾಜಿನ ಕಡೆ ನೋಡುತ್ತಿದ್ದೆ ಎಂದು ಸಮಿತಿಗೆ ಹೇಳಿದ್ದು ನಿಜವೇ. ಗಾಜಿನ ಆಚೆ ನೀವಿದ್ದಿರಿ. ಆ ‘ಹೂಂ’ ಹೇಳುವಾಗ ನಿಮ್ಮ ಕಣ್ಣು ಸ್ಕ್ರೀನಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ಕೈ ನಿಮ್ಮ ಎಡಗಿವಿಯನ್ನು ಉಜ್ಜುತ್ತಿತ್ತು. ಯಾಕೆಂದು ಮನೆಗೆ ಬಂದು ಕನ್ನಡಿ ನೋಡಿದಾಗ ಗೊತ್ತಾಯಿತು. ನನ್ನ ಎಡಗಿವಿಯ ಮೇಲೆ ಗೋಡೆಯ ಹಳದಿ ಅಂಟಿಕೊಂಡಿತ್ತು. ಜಗಳದ ನಡುವೆಯೂ ‘ಒರೆಸ್ಕೋ’ ಎಂದು ಸನ್ನೆ ಮಾಡುತ್ತಿದ್ದಿರಿ. ಹಾಗಾಗಿ ನಮ್ಮಿಬ್ಬರ ನಡುವಿನ ಆ ಗಾಜಿಗೆ ಗುರುವಾರದಿಂದ ಕರ್ಟನ್ ಹಾಕಿಸುತ್ತಿದ್ದೇನೆ. ‘ಎದುರಿನ ಬೆಳಕಿಗೆ ಗಮನ ತಪ್ಪುತ್ತದೆ’ ಎಂದು ಕಾರಣ ಬರೆದೆ, ಸುಳ್ಳೇನಲ್ಲ. ಗೋಡೆಯ ಬಣ್ಣ ನಿಮಗೆ ಗೊತ್ತೇ ಇರುವುದರಿಂದ ಆ ಪ್ರಶ್ನೆ ರದ್ದು. ನಿನ್ನೆ ಮುಂಬಾಗಿಲಿಗೆ ಬೇರೆ ಬಣ್ಣ ಬಳಿದಿದ್ದೇನೆ. ಇನ್ನೂ ಹಸಿ ಇದೆ. ಮುಟ್ಟಬೇಡಿ, ನೋಡಿ.